ಮೋಳಿಗೆಯ ತೂಕ

ಮೋಳಿಗೆಯೆಂದರೆ ಸೌದೆಯ ಹೊರೆ. ಮಾಡುವ ಕಾಯಕವೇ ಹೆಸರಿನೊಡನೆ ಸೇರಿ ನಿಂತ ಶರಣರಲ್ಲಿ ಮೋಳಿಗೆಯ ಮಾರಯ್ಯನವರು ಒಬ್ಬರು. ಅವರು ಕಾಶ್ಮೀರದ ಅರಸೊತ್ತಿಗೆಯನ್ನು ತೊರೆದು ಮಡದಿಯೊಡನೆ ಕಲ್ಯಾಣಕ್ಕೆ ಬಂದರೆಂದೂ, ಕಾಡಿನಿಂದ ಸೌದೆಯನ್ನು ಹೊತ್ತು ತಂದು ಮಾರಿ, ಬಂದುದರಲ್ಲಿ ದಾಸೋಹವನ್ನು ನಡೆಸಿದರೆಂದೂ ಪುರಾಣಗಳು ಹೇಳುತ್ತವೆ. ಅವರಿಲ್ಲದ ಹೊತ್ತಿನಲ್ಲಿ ಬಸವಣ್ಣನವರು ಮನೆಗೆ ಬಂದು, ಅಂಬಲಿಯನ್ನು ಸವಿದು, ಹೊನ್ನನ್ನು ಇರಿಸಿ ಹೋದರೆಂಬ ಕಥೆಯೂ, ಮಾರಯ್ಯನವರು ಆ ಹೊನ್ನನ್ನು ಮುಟ್ಟದೆ ಜಂಗಮರಿಗೆ ಕೊಡಿಸಿದರೆಂಬ ಕಥೆಯೂ ಪ್ರಸಿದ್ಧವಾಗಿವೆ. ಕೇಳುವವರ ಕಣ್ಣು ಸಾಮಾನ್ಯವಾಗಿ ಹೊನ್ನಿನ ಮೇಲೆಯೇ ಬೀಳುವುದು. ಅರಸನು ಅರಸುತನವನ್ನು ಬಿಟ್ಟನು, ಬಡವನು ಹೊನ್ನನ್ನು ಬಿಟ್ಟನು ಎಂದು ತಲೆದೂಗಿ ಎದ್ದುಹೋಗುವುದುಂಟು. ಸೌದೆಯ ಕಡೆಗೆ ನೋಡಿದವರು ಕಡಿಮೆ.

ಆದರೆ ಆ ಕಾಯಕವು ಇಂದಿಗೂ ನಡೆದಿದೆ. 2016ರಲ್ಲಿ ಉಜ್ವಲಾ ಯೋಜನೆಯು ಆರಂಭವಾದ ಮೇಲೆ ಹಳ್ಳಿಯ ಬಡವರ ಮನೆಗಳಿಗೂ ಅನಿಲದ ಸಿಲಿಂಡರು ಬಂದಿತು. ಆದರೂ ಬಚ್ಚಲ ಒಲೆಯೂ, ಮದುವೆಯ ಕೊಟ್ಟಿಗೆ ಒಲೆಯೂ, ಬೇಕರಿಯ ಗೂಡೂ, ಇಟ್ಟಿಗೆಯ ಭಟ್ಟಿಯೂ ಎಷ್ಟೋ ಕಡೆ ಸೌದೆಯನ್ನೇ ಬೇಡುತ್ತವೆ. ಊರಿನ ಅಂಚಿನಲ್ಲಿ ಒಂದು ತಗಡಿನ ಮಾಡು, ಒಂದು ತೂಕದ ಯಂತ್ರ, ಒಂದು ಟ್ರ್ಯಾಕ್ಟರು, ಮರವೇರಬಲ್ಲ ಇಬ್ಬರು ಆಳುಗಳು, ಇಷ್ಟಿದ್ದರೆ ಸೌದೆಯ ಅಡ್ಡೆಯೊಂದು ನಡೆಯುವುದು. ಅಡ್ಡೆಯವನು ಸೌದೆಯನ್ನು ಮಾರುವುದಷ್ಟೇ ಅಲ್ಲ. ಮನೆಯ ಮೇಲೆ ಬಾಗಿದ ಕೊಂಬೆಯನ್ನು ಇಳಿಸಲು, ಒಣಗಿದ ಮಾವನ್ನು ತೆಗೆಯಲು, ಹೊಲದ ಬದುವಿನ ಬೇವನ್ನು ಸವರಲು ಊರವರು ಅವನನ್ನೇ ಕರೆಯುವರು. ಹೀಗೆ ಅವನು ಒಂದು ಕೈಯಲ್ಲಿ ಮರದ ವೈದ್ಯ, ಇನ್ನೊಂದು ಕೈಯಲ್ಲಿ ಮರದ ವ್ಯಾಪಾರಿ. ಈ ಎರಡು ಕೈಗಳ ನಡುವೆಯೇ ಒಂದು ನೈತಿಕ ಪ್ರಶ್ನೆಯು ಅಡಗಿದೆ. ರೋಗಿಯು ಬದುಕಿದರೆ ವೈದ್ಯನಿಗೆ ಅಲ್ಪ ಸಂಭಾವನೆ. ಸತ್ತರೆ ದೇಹವೇ ಅವನ ಸರಕು. ಇಂತಹ ವೈದ್ಯನನ್ನು ಮನುಷ್ಯರ ನಡುವೆ ಯಾರೂ ಒಪ್ಪಲಾರರು. ಮರಗಳ ವಿಷಯದಲ್ಲಿ ಎಲ್ಲರೂ ಒಪ್ಪಿಯೇ ಇದ್ದಾರೆ, ಮತ್ತು ಅದನ್ನು ಯಾರೂ ಗಮನಿಸಿದಂತೆ ತೋರುವುದಿಲ್ಲ.

ಮೊದಲು ವ್ಯಾಪಾರದ ಮಾತು. ಹಸಿಮರದ ತೂಕದಲ್ಲಿ ಅರ್ಧದಷ್ಟು ನೀರಿರುವುದು ಸಾಮಾನ್ಯ. ಅಂತಹ ಮರವನ್ನು ಕಡಿದು, ತುಂಡರಿಸಿ, ಸೀಳಿ, ಗಾಳಿಯಾಡುವಂತೆ ಒಟ್ಟಿ, ಮೇಲೆ ಮಾತ್ರ ಮರೆಮಾಡಿ ಆರು ತಿಂಗಳಿನಿಂದ ಒಂದು ವರ್ಷದವರೆಗೆ ಬಿಟ್ಟರೆ ನೀರಿನ ಪಾಲು ನೂರಕ್ಕೆ 20ರ ಹತ್ತಿರಕ್ಕೆ ಇಳಿಯುವುದು. ಈಗ ಲೆಕ್ಕವನ್ನು ನೋಡಬೇಕು. 100 ಕಿಲೋ ಹಸಿ ಸೌದೆಯಲ್ಲಿ 50 ಕಿಲೋ ಮರ, 50 ಕಿಲೋ ನೀರು. ಒಣಗಿದ ಮೇಲೆ ಅದು 62.5 ಕಿಲೋ ಆಗುವುದು. ಉಳಿದ 37.5 ಕಿಲೋ ಗಾಳಿಗೆ ಹೋಯಿತು. ಪ್ರಾಮಾಣಿಕನಾದ ಅಡ್ಡೆಯವನು ವರ್ಷದ ಕಾಲ ಜಾಗವನ್ನು ಕಟ್ಟಿಹಾಕಿ, ಗೆದ್ದಲನ್ನು ಕಾಯ್ದು, ಮಳೆಗೆ ಹೆದರಿ, ಕೊನೆಗೆ ಮೂರನೆಯ ಒಂದು ಪಾಲಿಗಿಂತ ಹೆಚ್ಚು ತೂಕವನ್ನು ಕಳೆದುಕೊಳ್ಳುವನು. ಹಸಿಯನ್ನೇ ತೂಗಿ ಮಾರಿದವನು ಅಂದೇ ಹಣವನ್ನು ಎಣಿಸುವನು. ತಕ್ಕಡಿಯು ಸುಳ್ಳು ಹೇಳಲಿಲ್ಲ. ತೂಕದ ಕಲ್ಲು ಸರಿಯಾಗಿಯೇ ಇತ್ತು. ಆದರೂ ಕೊಂಡವನು ಸೌದೆಯ ಬೆಲೆಗೆ ನೀರನ್ನು ಕೊಂಡುಹೋದನು.

ಆ ನೀರು ಸುಮ್ಮನೆ ಹೋಗುವುದೂ ಇಲ್ಲ. ಒಂದು ಕಿಲೋ ನೀರನ್ನು ಕಾಯಿಸಿ ಆವಿಯಾಗಿಸಲು ಸುಮಾರು 600 ಕಿಲೋಕ್ಯಾಲರಿ ಶಾಖವು ಬೇಕು. ಅದನ್ನು ಸೌದೆಯು ತನ್ನ ಉರಿಯಿಂದಲೇ ಕೊಡಬೇಕು. ಗಡಿಗೆಗೆ ಸಲ್ಲಬೇಕಾದ ಕಾವು ಆವಿಗೆ ಸಲ್ಲುವುದು. ಉರಿಯು ತಣಿದು ಹೊಗೆಯು ದಟ್ಟವಾಗುವುದು. ಒಲೆಯ ಮುಂದೆ ಊದುಗೊಳವೆಯನ್ನು ಹಿಡಿದು ಕುಳಿತ ತಾಯಿಯ ಕಣ್ಣಿಗೆ, ಅವಳ ಮಗ್ಗುಲಲ್ಲಿ ಆಡುವ ಕೂಸಿನ ಎದೆಗೆ ಆ ಹೊಗೆಯು ಹೋಗುವುದು. ಅಡ್ಡೆಯಲ್ಲಿ ನಡೆದ ಒಂದು ಸಣ್ಣ ಮೌನದ ಬೆಲೆಯನ್ನು ಅಡ್ಡೆಯನ್ನೇ ಕಾಣದ ಹೆಂಗಸು ತೆರುವಳು. ಸುಳ್ಳೆಂದರೆ ಬಾಯಿಂದ ಆಡಿದ್ದು ಮಾತ್ರವೆಂದು ತಿಳಿದವರಿಗೆ ಇದರಲ್ಲಿ ಸುಳ್ಳು ಕಾಣದಿರಬಹುದು. ಶರಣರು ಕಾಯಕಕ್ಕೆ ಸತ್ಯಶುದ್ಧವೆಂಬ ವಿಶೇಷಣವನ್ನು ಸೇರಿಸಿದುದು ಇಂತಹವರಿಗಾಗಿಯೇ ಇರಬೇಕು. ಕಾಯಕವೆಂದರೆ ಬೆವರು ಎಂದಿಷ್ಟೇ ಹೇಳಿದ್ದರೆ ಕಳ್ಳನ ದುಡಿಮೆಯಲ್ಲಿಯೂ ಬೆವರುಂಟು.

ಇದಕ್ಕಿಂತ ಆಳವಾದುದು ವೈದ್ಯನ ಮಾತು. ಮರದ ಗಾಯವು ಮನುಷ್ಯನ ಗಾಯದಂತೆ ಮಾಯುವುದಿಲ್ಲ. ಅಮೆರಿಕದ ಅರಣ್ಯ ಇಲಾಖೆಯ ವಿಜ್ಞಾನಿ ಅಲೆಕ್ಸ್ ಶೈಗೋ ಸಾವಿರಾರು ಮರಗಳನ್ನು ಉದ್ದುದ್ದಕ್ಕೆ ಸೀಳಿ ನೋಡಿ, 1970ರ ದಶಕದಲ್ಲಿ ಇದನ್ನು ವಿವರಿಸಿದನು. ಕೊಳೆತ ಭಾಗವನ್ನು ಮರವು ಸರಿಪಡಿಸಲಾರದು. ಅದರ ಸುತ್ತ ಗೋಡೆಯನ್ನು ಕಟ್ಟಿ, ಹೊಸ ಮರವನ್ನು ಹೊರಗಿನಿಂದ ಬೆಳೆಸಿ, ಹಳೆಯ ನೋವನ್ನು ಒಳಗೇ ಇಟ್ಟುಕೊಂಡು ಬಾಳುವುದು. ಕೊಂಬೆಯು ಬೊಡ್ಡೆಯನ್ನು ಸೇರುವೆಡೆಯಲ್ಲಿ ಕೊರಳಪಟ್ಟಿಯಂತೆ ಒಂದು ಉಬ್ಬಿರುವುದು. ಆ ಉಬ್ಬನ್ನು ಉಳಿಸಿ ಅದರ ಹೊರಮಗ್ಗುಲಲ್ಲಿ ಕತ್ತರಿಸಿದರೆ ಮರವು ತನ್ನ ಗೋಡೆಯನ್ನು ಕಟ್ಟಿಕೊಳ್ಳಬಲ್ಲುದು. ಬೊಡ್ಡೆಗೆ ಸಮನಾಗಿ ಸವರಿದರೆ ಉಬ್ಬೇ ಹೋಗುವುದು. ಗೇಣುದ್ದದ ಮೋಟನ್ನು ಬಿಟ್ಟರೆ ಅದು ಕೊಳೆತು ಒಳಗಿನ ದಾರಿಯನ್ನು ತೋರಿಸುವುದು. ಭಾರದ ಕೊಂಬೆಯಾದರೆ ಮೂರು ಕೊಯ್ತಗಳು ಬೇಕು: ಮೊದಲು ತುಸು ಹೊರಗೆ, ಕೆಳಗಿನಿಂದ ಅರೆಗಾಯ, ಬಳಿಕ ಅದರಾಚೆ ಮೇಲಿನಿಂದ ಕೊಯ್ದು ಭಾರವನ್ನು ಇಳಿಸುವುದು, ಕೊನೆಗೆ ಮೋಟನ್ನು ಕೊರಳ ಬಳಿ ನಯವಾಗಿ ತೆಗೆಯುವುದು. ಮೊದಲಿನದನ್ನು ಬಿಟ್ಟವನ ಕೊಂಬೆಯು ಬೀಳುವಾಗ ಬೊಡ್ಡೆಯ ತೊಗಟೆಯನ್ನು ಸೀಳಿಕೊಂಡೇ ಬೀಳುವುದು. ಕೊಯ್ದ ಮುಖಕ್ಕೆ ಟಾರು ಬಳಿಯುವ ರೂಢಿಯು ಹಿಂದೆ ಬಹಳವಾಗಿದ್ದಿತು; ಅದರಿಂದ ಕೊಳೆಯು ನಿಲ್ಲುವುದಿಲ್ಲವೆಂದು ಈಗ ತಿಳಿದಿದೆ. ಬಳಿದವನ ಮನಸ್ಸಿಗೆ ಮಾತ್ರ ಸಮಾಧಾನ.

ಊರಿನಲ್ಲಿ ಹೆಚ್ಚಾಗಿ ನಡೆಯುವುದು ಬೇರೆಯೇ. ಮನೆಯವನು ‘ಪೂರಾ ಬೋಳಿಸಿಬಿಡಪ್ಪಾ, ಎಲೆ ಗುಡಿಸಿ ಸಾಕಾಯಿತು’ ಎನ್ನುವನು. ಅಡ್ಡೆಯವನು ತಲೆಯನ್ನೆಲ್ಲ ತರಿದು ಬೊಡ್ಡೆಯನ್ನು ಕಂಬದಂತೆ ನಿಲ್ಲಿಸುವನು. ಎರಡು ಗಾಡಿ ಸೌದೆ, ಅದರ ಮೇಲೆ ಕೂಲಿ. ಒಮ್ಮೆಗೆ ಹಸಿರಿನ ಕಾಲುಭಾಗಕ್ಕಿಂತ ಹೆಚ್ಚನ್ನು ತೆಗೆಯಬಾರದೆಂದು ಬಲ್ಲವರು ಹೇಳುವರು. ಇಲ್ಲಿ ಹೋದುದು ಪೂರ್ತಿ. ಹಸಿದ ಮರವು ಬದುಕಲು ತವಕಿಸಿ, ಕೊಯ್ದ ತುದಿಗಳಿಂದ ಗೊಂಚಲು ಗೊಂಚಲಾಗಿ ಚಿಗುರುವುದು. ನೋಡುವವರು ‘ಮತ್ತೆ ಸೊಂಪಾಗಿ ಬಂತು’ ಎಂದು ಮೆಚ್ಚುವರು. ಆದರೆ ಆ ಹೊಸ ರೆಂಬೆಗಳು ಮೇಲ್ಮೈಗೆ ಅಂಟಿದವು, ಒಳಗಿನಿಂದ ಹುಟ್ಟಿದವಲ್ಲ. ಕೆಳಗೆ ಕೊಳೆ, ಮೇಲೆ ಭಾರ. ನಾಲ್ಕಾರು ವರ್ಷಗಳಲ್ಲಿ ಮರವು ನಿಜವಾಗಿಯೂ ಅಪಾಯಕಾರಿಯಾಗುವುದು, ಮನೆಯವನು ಅದೇ ಅಡ್ಡೆಯವನನ್ನು ಮತ್ತೆ ಕರೆಯುವನು. ಕೆಟ್ಟ ಕೆಲಸವು ತನ್ನ ಮುಂದಿನ ಕೆಲಸವನ್ನು ತಾನೇ ಹುಟ್ಟಿಸಿಕೊಂಡಿತು. ಒಳ್ಳೆಯ ಕೊಯ್ತವನ್ನು ಕೊಯ್ದವನಿಗೆ ಆ ಮನೆಯಿಂದ ಇಪ್ಪತ್ತು ವರ್ಷ ಕರೆಯೇ ಬಾರದಿರಬಹುದು. ಕೇಡಿಗೆ ಸಂಬಳವನ್ನೂ ಒಳಿತಿಗೆ ಉಪವಾಸವನ್ನೂ ಕೊಡುವ ಕಸುಬುಗಳು ಲೋಕದಲ್ಲಿ ಹಲವಿವೆ; ಇದು ಅವುಗಳಲ್ಲೊಂದು.

ಒಂದು ಹಳೆಯ ಹುಣಿಸೆಯ ಮರವನ್ನು ಉದಾಹರಣೆಗೆ ಕಲ್ಪಿಸಿಕೊಳ್ಳಬಹುದು. ರೈತನ ಮನೆಯ ಹಿತ್ತಲಲ್ಲಿ ಅದು ನಿಂತಿದೆ, ಬೊಡ್ಡೆಯಲ್ಲಿ ಪೊಟರೆ. ಮಗಳ ಮದುವೆಯು ಹತ್ತಿರವಾಗಿದೆ, ಕೈಯಲ್ಲಿ ಹಣವಿಲ್ಲ. ಪೊಟರೆಯನ್ನು ಕಂಡು ಮನೆಯವರಿಗೆ ಅಂಜಿಕೆಯೂ ಉಂಟು. ಅಡ್ಡೆಯವನನ್ನು ಕರೆಸಿ, ‘ಯಜಮಾನರೆ, ಇದು ಬೀಳುತ್ತದೆಯೆ?’ ಎಂದು ಕೇಳುವರು. ಕೇಳಿದವನು ನಂಬಿ ಕೇಳಿದ್ದಾನೆ. ಅಡ್ಡೆಯವನು ಕೊಡಲಿಯ ಹಿಂಬದಿಯಿಂದ ಬೊಡ್ಡೆಯನ್ನು ಸುತ್ತಲೂ ತಟ್ಟಿ ಕೇಳುವನು. ಟೊಳ್ಳೆಲ್ಲಿ, ಗಟ್ಟಿಯೆಲ್ಲಿ ಎಂಬುದು ಅವನ ಕಿವಿಗೆ ಗೊತ್ತು. ಟೊಳ್ಳಾದ ಮರವೆಲ್ಲ ಬೀಳುವ ಮರವಲ್ಲ. ಕೊಳವೆಯೂ ಭಾರವನ್ನು ಹೊರಬಲ್ಲುದು. ಉಳಿದ ಗಟ್ಟಿ ಗೋಡೆಯು ಬೊಡ್ಡೆಯ ತ್ರಿಜ್ಯದ ಮೂರನೆಯ ಒಂದು ಪಾಲಿನಷ್ಟಾದರೂ ಇದ್ದರೆ ಸಾಮಾನ್ಯವಾಗಿ ನಿಲ್ಲುವುದೆಂಬ ಒಂದು ಅಂದಾಜುಂಟು. ಗೋಡೆಯಲ್ಲಿ ದೊಡ್ಡ ಬಿರುಕಿದ್ದರೆ, ಬೇರು ಕೊಳೆತಿದ್ದರೆ ಆ ಅಂದಾಜು ಸಲ್ಲದು. ಮರವು ನಿಲ್ಲುವುದೆಂದು ಅವನ ಕೈಗೆ ತಿಳಿಯಿತೆನ್ನೋಣ. ಭಾರವಾದ ಎರಡು ಕೊಂಬೆಗಳನ್ನು ಹಗುರಗೊಳಿಸಿದರೆ ಸಾಕು. ಪೊಟರೆಯ ಗಿಳಿಗಳಿಗೂ ಊರಿಗೂ ಅದು ಇನ್ನೂ ಬಹುಕಾಲ ಉಳಿದೀತು, ವರುಷ ವರುಷವೂ ಹಣ್ಣನ್ನು ಕೊಟ್ಟೀತು. ಆದರೆ ಅದೇ ಕ್ಷಣದಲ್ಲಿ ಅವನ ಇನ್ನೊಂದು ಕೈಯು ಬೊಡ್ಡೆಯ ಸುತ್ತಳತೆಯನ್ನು ಆಗಲೇ ಹಿಡಿದಿರುವುದು. ಹುಣಿಸೆಯ ಸೌದೆಯ ಕಾವು ಎಂತಹುದೆಂಬುದನ್ನು ಯಾವ ಭಟ್ಟಿಯವನೂ ಬಲ್ಲನು. ‘ಹೇಳಲಿಕ್ಕಾಗುವುದಿಲ್ಲ ಸ್ವಾಮಿ, ಟೊಳ್ಳಾಗಿದೆ’ ಎಂದಷ್ಟೇ ಹೇಳಿದರೆ ಸಾಕು, ಮರವು ಅವನದು. ಆ ಮಾತಿನಲ್ಲಿ ಒಂದು ಅಕ್ಷರವೂ ಸುಳ್ಳಲ್ಲ.

ಇಲ್ಲಿ ಕಾನೂನು ನೆರವಾಗುವುದಿಲ್ಲವೆ ಎಂದರೆ, ತಕ್ಕಮಟ್ಟಿಗೆ ಆಗುವುದು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದಂತೆ ಸ್ವಂತ ಜಮೀನಿನ ಮರವನ್ನು ಕಡಿಯಲೂ ವೃಕ್ಷಾಧಿಕಾರಿಯ ಅಪ್ಪಣೆಯು ಬೇಕು. ನೀಲಗಿರಿ, ಗಾಳಿಮರ, ತೆಂಗು ಮೊದಲಾದ ಕೆಲವಕ್ಕೆ ವಿನಾಯಿತಿಯುಂಟು. ಆದರೆ ಅರ್ಜಿಯಲ್ಲಿ ‘ಅಪಾಯಕಾರಿ’ ಎಂಬ ಪದವನ್ನು ಬರೆಯುವಾಗ ಕೈ ನಡುಗಬೇಕೆ ಬೇಡವೆ ಎಂಬುದನ್ನು ಯಾವ ಅಧಿನಿಯಮವೂ ಹೇಳಲಾರದು.

ಆಯ್ದಕ್ಕಿಯ ಮಾರಯ್ಯನವರ ಪ್ರಸಂಗವನ್ನು ಇಲ್ಲಿ ನೆನೆಯಬೇಕು. ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ಗಂಡನನ್ನು ಲಕ್ಕಮ್ಮನವರು ಹೊಸ್ತಿಲಲ್ಲಿಯೇ ತಡೆದು, ಹೆಚ್ಚಿನದನ್ನು ತಂದಲ್ಲಿಗೇ ಸುರಿದು ಬರಹೇಳಿದರು. ಆ ಅಕ್ಕಿಯು ಕದ್ದುದಲ್ಲ, ಚೆಲ್ಲಿದ್ದು, ದಾಸೋಹಕ್ಕೇ ಸಲ್ಲುವುದು. ಆದರೂ ಅದರಲ್ಲಿ ಆಸೆಯನ್ನು ಅವರು ಕಂಡರು. ಮೋಳಿಗೆಯ ಮಾರಯ್ಯನವರ ಕಾಲಕ್ಕೆ ಸೌದೆಯವನ ಆಸೆಗೆ ಒಂದು ಮಿತಿಯು ತಾನಾಗಿಯೇ ಇದ್ದಿತು: ಕತ್ತು ಹೊರುವಷ್ಟೇ ಹೊರೆ. ದೇಹವೇ ಅಳತೆಗೋಲು. ಇಂದಿನ ಯಂತ್ರದ ಗರಗಸವು ಎರಡು ದಿನದ ಕೊಡಲಿಯ ಕೆಲಸವನ್ನು ಗಳಿಗೆಯಲ್ಲಿ ಮುಗಿಸುವುದು, ಟ್ರ್ಯಾಕ್ಟರು ನೂರು ಕತ್ತುಗಳ ಹೊರೆಯನ್ನು ಒಮ್ಮೆಗೇ ಎಳೆಯುವುದು. ಯಂತ್ರವು ಕೆಟ್ಟದೆಂದಲ್ಲ, ಕತ್ತು ನೋಯದಿರುವುದು ಒಳ್ಳೆಯದೇ. ಆದರೆ ಹೊರಗಿನ ಅಳತೆಗೋಲು ಮುರಿದ ಮೇಲೆ ಲಕ್ಕಮ್ಮನವರ ಪಾತ್ರವನ್ನು ವಹಿಸುವವರು ಯಾರು?

ಇದಕ್ಕೆ ಅಡ್ಡೆಯವನ ಉತ್ತರವೊಂದುಂಟು, ಅದನ್ನು ಹಗುರವಾಗಿ ತಳ್ಳಿಹಾಕಬಾರದು. ‘ನನ್ನ ಮನೆಯಲ್ಲೂ ಉಣ್ಣುವ ಬಾಯಿಗಳಿವೆ. ನಾನು ಒಣಗಿಸಿ ಮಾರಿದರೆ ಬೆಲೆ ಏರುತ್ತದೆ. ಮುಂದಿನ ಊರಿನವನು ಹಸಿಯನ್ನು ಅಗ್ಗವಾಗಿ ಕೊಡುತ್ತಾನೆ, ಜನ ಅಲ್ಲಿಗೆ ಹೋಗುತ್ತಾರೆ. ನಾನು ಬೇಡವೆಂದ ಹುಣಿಸೆಯನ್ನು ಅವನು ನಾಳೆಯೇ ಕಡಿಯುತ್ತಾನೆ. ಮರವೂ ಉಳಿಯುವುದಿಲ್ಲ, ನಾನೂ ಉಳಿಯುವುದಿಲ್ಲ.’ ಈ ಮಾತಿನಲ್ಲಿ ಅರ್ಧ ನಿಜವಿದೆ. ಸತ್ಯಕ್ಕೆ ಗಿರಾಕಿಗಳೂ ಬೇಕು. ಅಗ್ಗವಾದ ಹಸಿ ಸೌದೆಯನ್ನು ಹುಡುಕಿಕೊಂಡು ಹೋಗಿ, ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತ ಮಾರಿದವನನ್ನು ಬೈಯುವ ಗೃಹಸ್ಥನೂ ಈ ಪಾಪದಲ್ಲಿ ಪಾಲುಗಾರನೇ. ಪ್ರಸಾದವನ್ನು ಬೇಯಿಸುವ ಒಲೆಗೆ ಸೌದೆಯನ್ನು ಕೊಳ್ಳುವವರೂ ಗಾಡಿಯ ಬೆಲೆಯನ್ನು ಕೇಳುವಷ್ಟು ಸಲ ಅದನ್ನು ಕಡಿದ ಬಗೆಯನ್ನು ಕೇಳುವುದುಂಟೆ?

ಉಳಿದರ್ಧಕ್ಕೆ ಮಾತ್ರ ಅಡ್ಡೆಯವನೇ ಹೊಣೆ. ಎರಡು ಕೈಗಳನ್ನು ಪೂರ್ತಿಯಾಗಿ ಬೇರ್ಪಡಿಸಲು ಅವನಿಗೆ ಆಗದಿರಬಹುದು. ಆದರೆ ಎಡಗೈಯ ಲಾಭವನ್ನು ಬಲಗೈಯ ತೀರ್ಪಿನಿಂದ ದೂರವಿಡುವ ದಾರಿಗಳು ಇವೆ. ನೋಡಿ ಹೇಳಿದುದಕ್ಕೆ ಬೇರೆ ಕೂಲಿ, ಕಡಿದುದಕ್ಕೆ ಬೇರೆ ಕೂಲಿ, ಸೌದೆಯನ್ನು ಮನೆಯವನ ಎದುರೇ ತೂಗಿ ಅದಕ್ಕೆ ಬೇರೆ ಬೆಲೆ ಎಂದು ಮೊದಲೇ ಹೇಳಿಬಿಟ್ಟರೆ, ‘ಬೇಡ’ ಎಂಬ ಮಾತಿಗೂ ಒಂದಿಷ್ಟು ಗಂಜಿ ಹುಟ್ಟುವುದು. ಬರಿಯ ಮಾತಿಗೆ ಹಳ್ಳಿಯಲ್ಲಿ ಹಣವನ್ನು ಯಾರು ಕೊಡುವರೆಂದು ನಗುವವರುಂಟು. ಜ್ಯೋತಿಷ್ಯಕ್ಕೆ ಕೊಡುವ ಹಳ್ಳಿಯು ಇದಕ್ಕೂ ಕೊಟ್ಟೀತು. ಹಸಿಯನ್ನು ಮಾರಲೇಬೇಕಾದರೆ ಹಸಿಯೆಂದು ಹೇಳಿ, ಹಸಿಯ ಬೆಲೆಗೆ ಮಾರಿ, ಮಳೆಗಾಲ ಕಳೆದ ಮೇಲೆ ಉರಿಸಿರೆಂದು ತಿಳಿಸುವುದಕ್ಕೆ ಬಂಡವಾಳವೇನೂ ಬೇಕಿಲ್ಲ. ಮರವೇರುವ ಆಳಿನ ಸೊಂಟಕ್ಕೆ ಗಟ್ಟಿಯಾದ ಹಗ್ಗ, ವಿದ್ಯುತ್ತಿನ ತಂತಿಯ ಹತ್ತಿರವಾದರೆ ಪ್ರವಾಹವನ್ನು ನಿಲ್ಲಿಸಿದ ಮೇಲೆಯೇ ಏರುವುದು, ಇವಕ್ಕೆ ಬಂಡವಾಳವು ಬೇಕು. ಆದರೆ ಅವನ ಜೀವವನ್ನು ಸೌದೆಯ ಬೆಲೆಯಲ್ಲಿ ಉಳಿತಾಯ ಮಾಡಿದವನು ಕಾಯಕದ ಹೆಸರನ್ನು ಎತ್ತದಿರುವುದೇ ಲೇಸು.

ಮತ್ತೆ ಹುಣಿಸೆಯ ಕೆಳಗೆ ಬರೋಣ. ರೈತನು ಇನ್ನೂ ಉತ್ತರಕ್ಕಾಗಿ ನಿಂತಿದ್ದಾನೆ. ಅಡ್ಡೆಯವನು ಮರವು ನಿಲ್ಲುವುದೆಂದರೆ ರೈತನ ಮದುವೆಯ ಹಣದ ಚಿಂತೆಯು ಹಾಗೆಯೇ ಉಳಿಯುವುದು. ನಿಜವನ್ನು ಹೇಳಿಸಿಕೊಂಡವನಿಗೂ ಅದರಿಂದ ಆ ದಿನಕ್ಕೆ ಸಂತೋಷವಿಲ್ಲ. ಹಣಕ್ಕಾಗಿ ಕಡಿಸುವುದಾದರೆ ಅದು ರೈತನ ಸ್ವಾತಂತ್ರ್ಯ, ಅವನ ಲೆಕ್ಕ. ಭಯದಿಂದ ಕಡಿಸುವುದಾದರೆ ಆ ಭಯವು ನಿಜವೋ ಅಲ್ಲವೋ ಎಂದು ತಿಳಿಯುವ ಹಕ್ಕು ಅವನದು. ಅಡ್ಡೆಯವನು ಕೊಡಲಿಯನ್ನು ಬುಡಕ್ಕೆ ಒರಗಿಸಿ, ಬೀಳುವ ಮರವಲ್ಲವೆಂದು ಮೊದಲು ಹೇಳಿ, ಎರಡು ಕೊಂಬೆಗಳನ್ನು ಬೆರಳಿನಿಂದ ತೋರಿಸಿ, ಅವಕ್ಕೆಷ್ಟು ಕೂಲಿಯೆಂದು ತಿಳಿಸಿ, ಆಮೇಲೆ ‘ಹಣದ ಅಡಚಣೆಯಿದ್ದರೆ ಪೂರ್ತಿ ಮರಕ್ಕೆ ಇಷ್ಟು ಕೊಡುತ್ತೇನೆ, ಅಪ್ಪಣೆಯ ಕಾಗದವನ್ನು ಮಾಡಿಸಿ, ಆದರೆ ವರ್ಷವರ್ಷದ ಹಣ್ಣಿನ ಗುತ್ತಿಗೆಯನ್ನೂ ಒಮ್ಮೆ ಲೆಕ್ಕ ಹಾಕಿ ನೋಡಿ’ ಎಂದನೆನ್ನೋಣ. ರೈತನು ಮನೆಯಾಕೆಯನ್ನು ಕೇಳಿ ಹೇಳುವೆನೆಂದು ಒಳಕ್ಕೆ ಹೋದನು. ಅಡ್ಡೆಯವನು ನೆರಳಿನಲ್ಲಿ ಕುಳಿತು ಗರಗಸದ ಹಲ್ಲುಗಳಿಗೆ ಅರವನ್ನು ಹಾಕತೊಡಗಿದನು.