ಕೇಳಿಸಿತು ಎನ್ನುವ ಮಾತು

ನಮ್ಮ ಮನೆಗಳಲ್ಲಿ ದಿನಕ್ಕೆ ಎಷ್ಟು ಸಲ ‘ಹೌದು’ ಎನ್ನುತ್ತೇವೆಂದು ಎಣಿಸಿಟ್ಟವರಿಲ್ಲ. ಸಾರಿಗೆ ಉಪ್ಪು ಸರಿಯಾಗಿದೆಯೇ ಎಂದರೆ ಹೌದು, ಕಿಟಕಿಯ ಹೊಸ ಪರದೆ ಒಪ್ಪುತ್ತದೆಯೇ ಎಂದರೆ ಹೌದು. ಇವುಗಳಲ್ಲಿ ಕೆಲವು ಮನಸ್ಸಿನಿಂದ ಬಂದ ಹೌದುಗಳು. ಇನ್ನು ಕೆಲವು, ಕೇಳಿದವರ ಮುಖ ಬಾಡದಿರಲೆಂದು ಹೇಳಿದವು. ಈ ಎರಡನೆಯ ಬಗೆಯ ಹೌದನ್ನು ಸುಳ್ಳೆನ್ನಬೇಕೋ ಸೌಜನ್ಯವೆನ್ನಬೇಕೋ? ಈ ಹಳೆಯ ಪ್ರಶ್ನೆಯನ್ನು ನಾನು ಮತ್ತೆ ಯೋಚಿಸುವಂತೆ ಮಾಡಿದ್ದು ಒಂದು ಜೊತೆ ತಂತಿ.

ದೊಡ್ಡಬಳ್ಳಾಪುರದಲ್ಲಿರುವ ನನ್ನ ತಮ್ಮನಿಗೆ ಸಂಗೀತವೆಂದರೆ ಪ್ರಾಣ. ನಿವೃತ್ತನಾದ ಮೇಲೆ ಒಂದು ಆಂಪ್ಲಿಫೈಯರ್, ಎರಡು ದೊಡ್ಡ ಸ್ಪೀಕರ್ ಪೆಟ್ಟಿಗೆ ಕೊಂಡು ನಡುಮನೆಯಲ್ಲಿ ಜೋಡಿಸಿಕೊಂಡ. ಅಲ್ಲಿಗೆ ಸುಮ್ಮನಾಗಲಿಲ್ಲ. ಬೆಂಗಳೂರಿನ ಅಂಗಡಿಯವನೊಬ್ಬ, ‘ಸಾರ್, ಪೆಟ್ಟಿಗೆ ಚೆನ್ನಾಗಿದ್ರೆ ಸಾಲ್ದು, ವೈರೂ ಹಾಗೇ ಇರ್ಬೇಕು. ಇದು ಆಮ್ಲಜನಕ ತೆಗೆದ ತಾಮ್ರ, ಇದರಲ್ಲಿ ಸ್ವರ ತೊಳೆದ ಹಾಗೆ ಬರುತ್ತೆ’ ಎಂದನಂತೆ. ಒಂಬತ್ತು ಸಾವಿರ ರೂಪಾಯಿ ಕೊಟ್ಟು, ಹಾವಿನಂತೆ ದಪ್ಪಗೆ ಹೊಳೆಯುವ ಎರಡು ಕೇಬಲ್ ತಂದ. ಹಳೆಯ ವೈರು ಅಟ್ಟ ಸೇರಿತು.

ಆಮೇಲೆ ಮನೆಗೆ ಬಂದವರಿಗೆಲ್ಲ ಪರೀಕ್ಷೆ. ದಾಸರ ಪದದ ಒಂದು ಭಜನೆ ಹಾಕುತ್ತಿದ್ದ. ‘ಈಗ ಆ ತಾಳದ ಶಬ್ದ ನೋಡಿ, ಕಿಣಿ ಕಿಣಿ ಅಂತ ಬಿಡಿಬಿಡಿಯಾಗಿ ಕೇಳತ್ತೆ ಅಲ್ವಾ? ಹಳೇ ವೈರಲ್ಲಿ ಹೀಗಿತ್ತಾ?’ ಎಂದು ಕೇಳುತ್ತಿದ್ದ. ನಾನು ‘ಹಳೆಯದು ಹೇಗಿತ್ತೋ ನನಗೆ ನೆನಪಿಲ್ಲ ಕಣೋ’ ಎಂದೆ. ಅವನ ಹೆಂಡತಿ ಮಾತ್ರ ಪ್ರತಿ ಸಲವೂ, ‘ಹೌದೂರೀ, ತುಂಬಾ ವ್ಯತ್ಯಾಸ’ ಎನ್ನುತ್ತಿದ್ದಳು.

ನಾವು ಪಾಠ ಹೇಳುವ ವಿಜ್ಞಾನ ಈ ವಿಷಯದಲ್ಲಿ ಏನು ಹೇಳುತ್ತದೆ? ಒಂದು ಚದರ ಮಿಲಿಮೀಟರ್ ದಪ್ಪದ ಸಾಧಾರಣ ತಾಮ್ರದ ತಂತಿ ಮೀಟರಿಗೆ 0.017 ಓಮ್‌ನಷ್ಟು ವಿದ್ಯುತ್ತನ್ನು ತಡೆಯುತ್ತದೆ. ಪೆಟ್ಟಿಗೆ ಐದು ಮೀಟರ್ ದೂರದಲ್ಲಿದ್ದರೆ ಹೋಗಿ ಬರುವುದಕ್ಕೆ ಹತ್ತು ಮೀಟರ್ ತಂತಿ. ಅದರ ತಡೆ 0.17 ಓಮ್. ಪೆಟ್ಟಿಗೆಯದೇ ಎಂಟು ಓಮ್. ಎಂದರೆ ನೂರರಲ್ಲಿ ಎರಡು ಪಾಲಿನ ಮಾತು. ತಂತಿಯೆಂದರೆ ಏನಾದರೂ ನಡೆಯುತ್ತದೆಂದಲ್ಲ. ಕೂದಲೆಳೆಯಂಥ ತಂತಿಯನ್ನು ಮನೆಯುದ್ದಕ್ಕೂ ಎಳೆದರೆ ಧ್ವನಿ ಸೊರಗುತ್ತದೆ. ಕೀಲುಗಳಿಗೆ ಕಿಲುಬು ಹಿಡಿದರೆ ಕರಕರ ಎನ್ನುತ್ತದೆ. ಒಂದು ಪೆಟ್ಟಿಗೆಗೆ ಕೆಂಪು ಕಪ್ಪು ಅದಲು ಬದಲಾದರೆ ಮೃದಂಗದ ಎಡಬದಿಯ ಗುಂಭ ನಾದ ಸಪ್ಪೆಯಾಗುತ್ತದೆ. ಇಷ್ಟು ನೋಡಿಕೊಂಡರೆ ನಡುಮನೆಯೊಂದಕ್ಕೆ ಸಾಧಾರಣ ವೈರು ಸಾಕು. ಇನ್ನೊಂದು ಸಂಗತಿಯೂ ಉಂಟು. ಒಂದೇ ಹಾಡನ್ನು ಎರಡು ಸಲ ಹಾಕಿ, ಎರಡನೆಯ ಸಲ ಗೊತ್ತಾಗದಷ್ಟು ಜೋರು ಮಾಡಿದರೆ ಅದೇ ಇಂಪೆನಿಸುತ್ತದೆ. ಆದ್ದರಿಂದ ಅಂಗಡಿಯಲ್ಲಿ ಕೇಳಿ ನಿರ್ಧರಿಸುವುದು ಸುಲಭವಲ್ಲ.

ಬೇಸಿಗೆ ರಜೆಗೆ ಬಂದ ತಮ್ಮನ ಮಗಳು ಅಪ್ಪನಿಗೊಂದು ಪಂದ್ಯ ಒಡ್ಡಿದಳು. ಅದಕ್ಕೆ ದಾರಿ ತೋರಿಸಿದ್ದು ನಾನು ಹೇಳಿದ ಒಂದು ಚಹಾದ ಕತೆ. 1920ರ ದಶಕದಲ್ಲಿ ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಮ್ಯೂರಿಯಲ್ ಬ್ರಿಸ್ಟಲ್ ಎಂಬ ವಿಜ್ಞಾನಿಯಿದ್ದರು. ಬಟ್ಟಲಿಗೆ ಮೊದಲು ಹಾಲು ಹಾಕಿದರೋ ಚಹಾ ಹಾಕಿದರೋ ಎಂಬುದು ಕುಡಿದರೆ ತನಗೆ ತಿಳಿಯುತ್ತದೆ ಎನ್ನುತ್ತಿದ್ದರು. ನಮ್ಮಲ್ಲಿ ಡಿಕಾಕ್ಷನ್ ಮೊದಲೋ ಹಾಲು ಮೊದಲೋ ಎಂದು ಜಗಳವಾಡುವ ಹಾಗೆ. ಜೊತೆಯಲ್ಲಿದ್ದ ರೊನಾಲ್ಡ್ ಫಿಶರ್ ಅವರನ್ನು ಹಾಸ್ಯ ಮಾಡಲಿಲ್ಲ, ಸುಮ್ಮನೆ ಒಪ್ಪಲೂ ಇಲ್ಲ. ಎಂಟು ಬಟ್ಟಲು, ನಾಲ್ಕು ಒಂದು ಬಗೆ, ನಾಲ್ಕು ಇನ್ನೊಂದು ಬಗೆ, ಕಲಸಿ ಕೊಟ್ಟು ಹೇಳಿ ಎನ್ನಬೇಕು. ಬರಿಯ ಊಹೆಯಿಂದ ಎಂಟೂ ಸರಿಯಾಗುವ ಸಾಧ್ಯತೆ ಎಪ್ಪತ್ತರಲ್ಲಿ ಒಂದು ಎಂದು ಲೆಕ್ಕ ಹಾಕಿದರು. 1935ರಲ್ಲಿ ಬಂದ ಅವರ ಪುಸ್ತಕದಲ್ಲಿ ಈ ಪರೀಕ್ಷೆಯ ವಿವರಣೆಯಿದೆ. ಒಬ್ಬ ಹೆಂಗಸಿನ ಮಾತನ್ನು ಇಷ್ಟು ಗೌರವದಿಂದ ಪರೀಕ್ಷಿಸಿದ್ದು ನನಗೆ ಬಹಳ ಹಿಡಿಸಿದ ಸಂಗತಿ.

ಸ್ಪೀಕರ್ ಪೆಟ್ಟಿಗೆಗಳ ಹಿಂಭಾಗಕ್ಕೆ, ಆಂಪ್ಲಿಫೈಯರಿಗೆ ಹಾಸಿಗೆಯ ಹೊದಿಕೆ ಕಟ್ಟಿದೆವು. ಹುಡುಗಿ ಅದರ ಮರೆಯಲ್ಲಿ ಕೂತು, ನಾಣ್ಯ ಚಿಮ್ಮಿ, ಬಿದ್ದಂತೆ ಹೊಸ ಕೇಬಲನ್ನೋ ಅಟ್ಟದಿಂದಿಳಿಸಿದ ಹಳೆಯ ವೈರನ್ನೋ ಜೋಡಿಸಬೇಕು. ಧ್ವನಿಯ ಗುಂಡಿಯನ್ನು ಯಾರೂ ಮುಟ್ಟಬಾರದು. ಹತ್ತು ಸರದಿ. ತಮ್ಮ ಕಣ್ಣು ಮುಚ್ಚಿ, ಕೈಕಟ್ಟಿ, ಗಂಭೀರವಾಗಿ ಉತ್ತರ ಕೊಟ್ಟ. ಹತ್ತರಲ್ಲಿ ಆರು ಸರಿಯಾಯಿತು. ಸಂತೋಷಪಡುವಷ್ಟರಲ್ಲಿ ಮಗಳು ಕಾಗದದ ಮೇಲೆ ಲೆಕ್ಕ ತೋರಿಸಿದಳು: ಏನೂ ಕೇಳದೆ ಬರಿದೆ ಊಹಿಸಿದರೂ ಹತ್ತು ಜನರಲ್ಲಿ ಮೂರು ನಾಲ್ಕು ಮಂದಿಗೆ ಆರೋ ಅದಕ್ಕಿಂತ ಹೆಚ್ಚೋ ಸರಿಯಾಗುತ್ತದೆ.

ಆಮೇಲೆ ಅವನ ಹೆಂಡತಿಯ ಸರದಿ. ಅವಳು ಬೇಡವೆಂದಳು, ಮಗಳು ಬಿಡಲಿಲ್ಲ. ‘ಅಮ್ಮ, ತಾಳದ ಕಡೆ ಗಮನ ಕೊಡು, ಸಾಕು’ ಎಂದಳು. ಭಜನೆ ಅರ್ಧವಾಯಿತು. ಅವಳು ಸುತ್ತ ಎಲ್ಲರ ಮುಖ ನೋಡಿ, ಬಹಳ ಮೆಲ್ಲಗೆ, ‘ಯಾವ ತಾಳ?’ ಎಂದಳು.

ನಡುಮನೆಯಲ್ಲಿ ಯಾರೂ ಮಾತಾಡಲಿಲ್ಲ.

ಅವಳು ಹುಟ್ಟಿ ಬೆಳೆದದ್ದು ಅದೇ ಊರಿನ ಮಗ್ಗದ ಮನೆಯಲ್ಲಿ. ಒಂದು ಗೋಡೆಯಾಚೆ ವಿದ್ಯುತ್ ಮಗ್ಗಗಳು. ಮದುವೆಯಾಗುವವರೆಗೆ ಅವಳೂ ಲಾಳಿ ತುಂಬಿ, ಎಳೆ ಕಟ್ಟಿ ದುಡಿದವಳು. ಮಗ್ಗದ ಸದ್ದಿನಲ್ಲಿ ಪಕ್ಕದವರ ಮಾತು ಕೇಳಬೇಕಾದರೆ ಕಿವಿಗೆ ಬಾಯಿಟ್ಟು ಕೂಗಬೇಕು. ಕಾರ್ಖಾನೆಗಳ ನಿಯಮದಲ್ಲಿ ದಿನಕ್ಕೆ ಎಂಟು ಗಂಟೆಯ ಕೆಲಸಕ್ಕೆ 90 ಡೆಸಿಬೆಲ್ ಸದ್ದು ಮಿತಿ. ಮನೆಯೊಳಗಿನ ಮಗ್ಗದ ಸದ್ದನ್ನು ಅಳೆಯುವವರು ಯಾರು? ಇಂಥ ಸದ್ದು ಒಳಕಿವಿಯ ಸೂಕ್ಷ್ಮ ರೋಮಕೋಶಗಳನ್ನು ಸವೆಸುತ್ತದೆ. ಅವು ಮತ್ತೆ ಬೆಳೆಯುವುದಿಲ್ಲ. ಮೊದಲು ಹೋಗುವುದು ಎತ್ತರದ ಸ್ವರಗಳು: ತಾಳದ ಕಿಣಿ, ಗೆಜ್ಜೆಯ ಸದ್ದು, ಮಾತಿನಲ್ಲಿ ಸ, ಶ, ಚಗಳು. ಕರೆದರೆ ಕೇಳುತ್ತದೆ, ಮಾತು ಮಾತ್ರ ಬಿಡಿಸಿ ತಿಳಿಯುವುದಿಲ್ಲ.

‘ಯಾಕೆ ಹೇಳ್ಲಿಲ್ಲ?’ ಎಂದು ಆ ರಾತ್ರಿ ಅಡುಗೆಮನೆಯಲ್ಲಿ ಕೇಳಿದೆ. ‘ಅಷ್ಟು ದುಡ್ಡು ಕೊಟ್ಟು ತಂದು, ಅಷ್ಟು ಆಸೆಯಿಂದ ಕೇಳ್ತಿದ್ರು ಅತ್ತಿಗೆ. ಇಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ. ನನಗೆ ಕೇಳ್ದೇ ಇದ್ದಿದ್ದು ನನ್ನ ದಡ್ಡತನ ಅಂದ್ಕೊಂಡೆ’ ಎಂದಳು.

ಇದನ್ನು ಕೇಳಿದ ನೆರೆಯವರೊಬ್ಬರು, ಸುಖವಾಗಿದ್ದವನ ಸುಖವನ್ನು ಪರೀಕ್ಷೆ ಮಾಡಿ ಯಾಕೆ ಕೆಡಿಸಬೇಕಿತ್ತು ಎಂದರು. ಯೋಚಿಸಬೇಕಾದ ಮಾತೇ. ತಮ್ಮನ ಸಂತೋಷ ಸುಳ್ಳಲ್ಲ. ಕಿವಿ ಒಂದೇ ಕೇಳುವುದಿಲ್ಲ. ಕಣ್ಣು ಕೇಳುತ್ತದೆ, ಕೊಟ್ಟ ಬೆಲೆ ಕೇಳುತ್ತದೆ. 2010ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಪಿಟೀಲು ಸ್ಪರ್ಧೆ ನಡೆದಾಗ, 21 ಮಂದಿ ಪಿಟೀಲು ವಾದಕರಿಗೆ ಕಣ್ಣಿಗೆ ಮಬ್ಬು ಕನ್ನಡಕ ತೊಡಿಸಿ ಹೊಸ ಪಿಟೀಲುಗಳನ್ನೂ, ಶತಮಾನಗಳಷ್ಟು ಹಳೆಯ, ಕೋಟಿಗಟ್ಟಲೆ ಬೆಲೆಯ ಸ್ಟ್ರಾಡಿವೇರಿಯಸ್ ಮುಂತಾದವನ್ನೂ ನುಡಿಸಲು ಕೊಟ್ಟರು. ಹೆಚ್ಚಿನವರು ಮನೆಗೆ ಒಯ್ಯಲು ಆರಿಸಿಕೊಂಡದ್ದು ಹೊಸದನ್ನೇ. ಅಂಥವರಿಗೇ ಹೀಗಾದರೆ ನಮ್ಮ ತಮ್ಮನಿಗೇನು ಅವಮಾನ?

ಆದರೆ ಸಂತೋಷ ಬೇರೆ, ಸಾಕ್ಷಿ ಬೇರೆ. ‘ನನಗೆ ಹಿತವಾಗಿದೆ’ ಎಂಬ ಮಾತಿಗೆ ಯಾರ ಒಪ್ಪಿಗೆಯೂ ಬೇಡ. ‘ಈ ತಂತಿಯಲ್ಲಿ ತಾಳ ಸ್ಪಷ್ಟ’ ಎಂಬುದು ಹೊರಗಿನ ವಸ್ತುವಿನ ಮಾತು. ಅದಕ್ಕೆ ಪರೀಕ್ಷೆ ಬೇಕು. ನಮ್ಮ ಊರುಗಳಲ್ಲಿ ರೇಷ್ಮೆಯೆಂದು ಕೊಟ್ಟರೆ ಹಿರಿಯರು ಒಂದೆಳೆ ಕಿತ್ತು ಸುಟ್ಟು ನೋಡುತ್ತಿದ್ದರು: ಕೂದಲು ಸುಟ್ಟ ವಾಸನೆ ಬಂದರೆ ರೇಷ್ಮೆ, ಕಾಗದ ಸುಟ್ಟಂತಾದರೆ ಕೃತಕ ನೂಲು. ಸೀರೆ ಮೆಚ್ಚುವುದಕ್ಕೆ ಸುಡಬೇಕಾಗಿಲ್ಲ. ರೇಷ್ಮೆಯೆಂದು ಹೇಳುವುದಕ್ಕೆ ಸುಡಬೇಕು. ತಮ್ಮ ತನ್ನ ಹಿತಕ್ಕೆ ಸಾಕ್ಷಿ ಹುಡುಕಿದ್ದು, ಇಲ್ಲವೆನ್ನಲಾರದವಳ ಬಾಯಲ್ಲಿ. ಅವಳು ಕೊಟ್ಟದ್ದು ಪ್ರೀತಿ. ಅವನು ತೆಗೆದುಕೊಂಡದ್ದು ಪುರಾವೆಯೆಂದು. ಆ ಪ್ರೀತಿಯ ಹೌದಿನ ಹಿಂದೆ ಒಬ್ಬಳ ಕಿವಿ ವರ್ಷಗಟ್ಟಲೆ ಮರೆಯಾಗಿತ್ತು.

ಅವಳು ಸುಳ್ಳು ಹೇಳಿದಳೆಂದು ನಾನು ಹೇಳಲಾರೆ. ಇಲ್ಲವೆಂದರೆ ಮನೆಯಲ್ಲಿ ಏನೂ ಕೆಡುವುದಿಲ್ಲವೆಂಬ ಧೈರ್ಯ ಇದ್ದಲ್ಲಿ ಮಾತ್ರ ಹೌದಿಗೆ ಬೆಲೆ. ಆ ಧೈರ್ಯ ಕೊಡಬೇಕಾದದ್ದು ಪ್ರಶ್ನೆ ಕೇಳುವವರ ಹೊಣೆ. ತಮ್ಮನೇ ಅವಳನ್ನು ಕರೆದುಕೊಂಡು ಹೋಗಿ ಕಿವಿ ಪರೀಕ್ಷೆ ಮಾಡಿಸಿದ. ಕೇಬಲನ್ನು ಅಂಗಡಿಯವನು ವಾಪಸು ತೆಗೆದುಕೊಳ್ಳಲಿಲ್ಲ. ಅದು ಅಲ್ಲೇ ಹೊಳೆಯುತ್ತಿದೆ. ಶ್ರವಣ ಸಾಧನಕ್ಕೆ ಅದರ ಹಲವು ಪಟ್ಟು ಹಣ ಬೇಕಾಯಿತು. ಅದನ್ನು ತೊಟ್ಟ ಮೊದಲ ವಾರ, ಪಾತ್ರೆ ತೊಳೆಯುವ ಸದ್ದೇ ತಲೆನೋವೆಂದು ಅವಳು ದೂರಿದ್ದೂ ಉಂಟು.

ಪಿಟೀಲು ಚೌಡಯ್ಯನವರು ತಮ್ಮ ವಾದ್ಯಕ್ಕೆ ಏಳು ತಂತಿ ಕಟ್ಟಿದ್ದು, ಮೈಕು ಇಲ್ಲದ ಸಭೆಯಲ್ಲಿ ಹಿಂದೆ ಕೂತವರಿಗೂ ನಾದ ಮುಟ್ಟಲೆಂದು. ಎದುರು ಕೂತವರ ತಲೆದೂಗುವಿಕೆಯಷ್ಟೇ ಸಾಕೆಂದಿದ್ದರೆ ನಾಲ್ಕೇ ತಂತಿ ಸಾಕಿತ್ತು.

ತರಗತಿಯಲ್ಲಿ ‘ಎಲ್ಲರಿಗೂ ಕೇಳಿಸಿತೇ?’ ಎಂದರೆ, ಕೊನೆಯ ಬೆಂಚಿನವರೂ ಸೇರಿ ‘ಕೇಳಿಸ್ತು ಮಿಸ್’ ಎಂದು ಒಟ್ಟಿಗೆ ರಾಗ ಎಳೆಯುತ್ತಾರೆ. ಆ ಉತ್ತರದಿಂದ ಏನೂ ತಿಳಿಯುವುದಿಲ್ಲ. ‘ಏನು ಕೇಳಿಸಿತು, ಹೇಳಮ್ಮ’ ಎಂದು ಒಬ್ಬಳನ್ನು ಎಬ್ಬಿಸಿ, ಅವಳು ‘ಕೇಳಿಸ್ಲಿಲ್ಲ ಮಿಸ್’ ಎಂದರೆ ಗದರದೆ, ಮುಂದಿನ ಬೆಂಚಿಗೆ ಕರೆದು ಕೂರಿಸಬೇಕು. ಮನೆಯಲ್ಲೂ ಅಷ್ಟೇ.