ಪರೋಪಕಾರಬುದ್ಧಿಯು ಎಲ್ಲಿಂದ ಬಂದಿತು?

ಕಾಲೇಜಿನಲ್ಲಿ ಓದಿ ಬಂದ ಮಕ್ಕಳು ಈಗ ನಮ್ಮ ಮನೆಗಳಲ್ಲಿ ಒಂದು ಪ್ರಶ್ನೆಯನ್ನು ಕೇಳುತ್ತಾರೆ: ಪರರಿಗೆ ಉಪಕಾರಮಾಡುವ ಬುದ್ಧಿಯನ್ನು ದೇವರು ಕೊಟ್ಟನೋ? ಇಲ್ಲವೆ ಪಶುಕೀಟಗಳಲ್ಲಿರುವಂತೆ ಅದು ಹುಟ್ಟಿನಿಂದಲೇ ನಮ್ಮ ದೇಹದಲ್ಲಿ ಬಂದದ್ದೋ? ಇದಕ್ಕೆ ಸಿಟ್ಟಾಗುವದು ಸರಿಯಲ್ಲ. ಸಮಾಧಾನದಿಂದ ವಿಚಾರಿಸುವದು ಲೇಸು.

ಮನೆಯ ಸೂರಿನಡಿಯಲ್ಲಿ ಗೂಡು ಕಟ್ಟುವ ಕಣಜದ ಹುಳುಗಳನ್ನು ನೀವು ಕಂಡಿದ್ದೀರಿ. ಅವುಗಳಲ್ಲಿ ಒಂದು ಜಾತಿಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗ್ಕರ್ ಎಂಬ ಪಂಡಿತರು ಅನೇಕ ವರುಷ ಪರೀಕ್ಷಿಸಿದ್ದಾರೆ. ಆ ಗೂಡಿನಲ್ಲಿ ರಾಣಿಹುಳು ಒಂದೇ ಮೊಟ್ಟೆಯಿಡುವದು. ಮಿಕ್ಕ ಹೆಣ್ಣುಹುಳುಗಳು ಆಹಾರ ತಂದು ಅದರ ಮರಿಗಳನ್ನು ಸಾಕುವವು. ತಾವೇ ಮೊಟ್ಟೆಯಿಡುವ ಶಕ್ತಿಯಿದ್ದರೂ ಅವುಗಳಲ್ಲಿ ಅನೇಕವು ಸೇವೆಯಲ್ಲಿಯೇ ಸಾಯುವವು. ಯಾಕೆ? ಒಡಹುಟ್ಟಿದವರಲ್ಲಿ ನಮ್ಮ ವಂಶದ ಅಂಶವೇ ಇರುವದರಿಂದ ಅವರನ್ನು ಕಾಯುವ ಗುಣವು ತಲೆಮಾರುಗಳಲ್ಲಿ ಉಳಿದು ಬರುವದೆಂದು ಇಂಗ್ಲೆಂಡಿನ ಹ್ಯಾಮಿಲ್ಟನ್ ಎಂಬ ವಿದ್ವಾಂಸನು 1964ರಲ್ಲಿ ತೋರಿಸಿದನು. ಆದರೆ ಈ ಗೂಡುಗಳಲ್ಲಿ ರಾಣಿಯು ಹಲವು ಗಂಡುಗಳನ್ನು ಕೂಡುವದರಿಂದಲೂ, ರಾಣಿಗಳು ಒಂದರ ತರುವಾಯ ಒಂದು ಬದಲಾಗುವದರಿಂದಲೂ ರಕ್ತಸಂಬಂಧವು ಸಡಿಲವಾಗಿರುವದು. ಅದೊಂದೇ ಕಾರಣ ಸಾಲದೆಂದು ಗದಗ್ಕರರವರು ಕಂಡುಕೊಂಡರು. ಒಂಟಿಯಾಗಿ ಗೂಡು ಕಟ್ಟಿದ ಹುಳು ಸತ್ತರೆ ಅದರ ಮರಿಗಳೂ ಸಾಯುವವು. ಕೂಡಿ ಬಾಳಿದರೆ ಒಂದು ಸತ್ತರೂ ಇನ್ನೊಂದು ಸಾಕುವದು.

ಬೈಲಹೊಂಗಲ, ಸವದತ್ತಿಗಳ ಎರೆಹೊಲಗಳಲ್ಲಿ ದುಡಿಯುವ ನಮಗೆ ಇದು ಹೊಸದಲ್ಲ. ಇಂದು ನಾನು ನಿನ್ನ ಹೊಲಕ್ಕೆ, ನಾಳೆ ನೀನು ನನ್ನ ಹೊಲಕ್ಕೆ ಎಂಬ ಮುಯ್ಯಾಳಿನ ಪದ್ಧತಿಯಲ್ಲಿಯೂ ಇಂಥ ಲಾಭವುಂಟು. ಹಾಗಾದರೆ ಉಪಕಾರವೆಲ್ಲ ಸ್ವಾರ್ಥದ ವೇಷವೋ? ಅಲ್ಲ. ಜೋಳದ ಬೇರು ಮಣ್ಣಿನಲ್ಲಿಯೂ ತಿಪ್ಪೆಗೊಬ್ಬರದಲ್ಲಿಯೂ ಇರುವದು. ಆದರೂ ರೊಟ್ಟಿಯನ್ನು ಯಾರೂ ಮಣ್ಣೆಂದು ಬಿಸಾಡುವದಿಲ್ಲ.

ಬಳಗದವನಿಗೂ ಮುಯ್ಯಿ ತೀರಿಸುವವನಿಗೂ ಉಪಕಾರಮಾಡುವದು ಸುಲಭ. ಅದರ ಆಚೆಗೆ ಹೋಗುವದೇ ಕಷ್ಟ. 2019ರ ಆಗಸ್ಟಿನಲ್ಲಿ ಮಲಪ್ರಭೆಯು ಉಕ್ಕಿ ರಾಮದುರ್ಗ ತಾಲೂಕಿನ ಊರುಗಳಲ್ಲಿ ನೀರು ಹೊಕ್ಕಿತು. ಆ ವರುಷದ ನೆರೆಯಲ್ಲಿ ಮನೆ ಕಳಕೊಂಡವರಿಗೆ ಗುರುತಿಲ್ಲದ ಊರುಗಳಿಂದ ರೊಟ್ಟಿಯ ಗಂಟುಗಳು ಬಂದವು. ಆ ರೊಟ್ಟಿಗೆ ಮುಯ್ಯಿ ಎಲ್ಲಿ?

ಶತ್ರುವಿನ ವಿಷಯವು ಇನ್ನೂ ಕಠಿಣ. 1824ರ ಅಕ್ಟೋಬರಿನಲ್ಲಿ ಕಿತ್ತೂರಿನ ಕಾಳಗದಲ್ಲಿ ಥ್ಯಾಕರೆ ಎಂಬ ಕಲೆಕ್ಟರನು ಸತ್ತನು. ಸ್ಟೀವನ್ಸನ್, ಎಲಿಯಟ್ ಎಂಬಿಬ್ಬರು ಅಧಿಕಾರಿಗಳು ಸೆರೆಸಿಕ್ಕರು. ರಾಣಿ ಚನ್ನಮ್ಮನವರು ಅವರನ್ನು ಕೊಲ್ಲಿಸದೆ ಬಳಿಕ ಬಿಟ್ಟುಕೊಟ್ಟರು. ಸಂಧಿಯಾದೀತೆಂಬ ಆಸೆಯೂ ಅದರಲ್ಲಿತ್ತು. ಆದರೂ ಸೇಡಿನ ಕೈಯನ್ನು ತಡೆದದ್ದು ಸಣ್ಣ ಮಾತಲ್ಲ.

ಆದಕಾರಣ ನೀತಿಯು ನಮ್ಮ ಸಭೆಯಲ್ಲಿ ಮಾತ್ರ ಇರುವದೆಂದು ಹೆಚ್ಚಳಪಡಬಾರದು. ಧರ್ಮಶಾಸ್ತ್ರವಿಲ್ಲದ ಜನರ ಹೃದಯದಲ್ಲಿಯೂ ಅದರ ತಿಳುವಳಿಕೆಯುಂಟೆಂದು ಅಪೊಸ್ತಲನಾದ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ 2ನೇ ಅಧ್ಯಾಯದಲ್ಲಿ ಒಪ್ಪಿಕೊಂಡಿದ್ದಾನೆ. ಮರಿ ಸಾಕುವ ಹುಳುವನ್ನು ಉಂಟುಮಾಡಿದಾತನು ಈ ಬೀಜವನ್ನು ಎಲ್ಲರಲ್ಲಿಯೂ ಬಿತ್ತಿದ್ದಾನೆಂದರೆ ನಮ್ಮ ನಂಬಿಕೆಗೆ ಏನು ಕುಂದು?

ಹಾಗಾದರೆ ಧರ್ಮದ ಕೆಲಸವೇನು? ಆ ಬೀಜವನ್ನು ನಮ್ಮ ಹೊಲದ ಬದುವಿನಾಚೆಗೂ ಬಿತ್ತಿಸುವದು. ಕರ್ತನು ಸಮಾರ್ಯದವನ ಸಾಮ್ಯವನ್ನು ಹೇಳಿದ್ದು ಇದಕ್ಕಾಗಿಯೇ. ದಾರಿಯಲ್ಲಿ ಬಿದ್ದವನು ಅವನ ಬಳಗದವನಲ್ಲ, ಮುಯ್ಯಿ ತೀರಿಸುವವನೂ ಅಲ್ಲ. ಒಂದು ಮಾತು ಮರೆಯದಿರೋಣ: ಅವನನ್ನು ನೋಡಿ ಓರೆಯಾಗಿ ಹೋದವರು ಯಾಜಕನೂ ಲೇವಿಯನೂ, ಅಂದರೆ ದೇವಾಲಯದ ಸೇವಕರೇ. ಧರ್ಮವು ಬದುವನ್ನು ದಾಟಿಸಲೂ ಬಲ್ಲದು, ಅದನ್ನು ಎತ್ತರಿಸಲೂ ಬಲ್ಲದು.

ಸಹೋದರರೇ, ಈ ಸಾರೆ ಬಿತ್ತಿಗೆಯ ಹದ ಬಂದಾಗ, ಬೇರೆ ಓಣಿಯ, ಬೇರೆ ಮತದ ಬಡ ವಿಧವೆಯೊಬ್ಬಳ ಹೊಲ ಹಾಗೆಯೇ ಬಿದ್ದಿದ್ದರೆ ನಮ್ಮಲ್ಲಿ ಯಾರು ಎತ್ತು ಹೂಡಿಕೊಂಡು ಹೋದೇವು? ಓದಿ ಬಂದ ಮಗನು ನಮ್ಮ ಉತ್ತರವನ್ನು ಅಲ್ಲಿ ನೋಡುವನು.