ಬೆಂಕಿಯ ಋಣ



ಉಂಡ ಸುಖವನ್ನು ನೆನೆಯುವುದು ಸುಲಭ. ಆ ಸುಖವು ಯಾರ ಶ್ರಮದಿಂದ ಒದಗಿತೆಂಬುದನ್ನು ನೆನೆಯುವುದು ಕಷ್ಟ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯ ಹಿರಿಯರು ನಾಲ್ವರು ಒಂದೆಡೆ ಕೂಡಿದರೆ ಹಳೆಯ ಮಳೆಗಾಲದ ಮಾತು ಬಾರದೆ ಇರದು. ಆ ಮಾತು ಬಂದು ನಿಲ್ಲುವುದು ಒಲೆಯ ಮುಂದೆ. 'ಅಂದಿನ ಬೆಚ್ಚನೆ ಇಂದಿಲ್ಲ' ಎಂದು ಅವರು ನಿಟ್ಟುಸಿರಿಡುತ್ತಾರೆ. ಈ ನಿಟ್ಟುಸಿರಿನಲ್ಲಿ ಸತ್ಯವೆಷ್ಟು, ಮರೆವೆಷ್ಟು ಎಂಬುದನ್ನು ತಮ್ಮೊಡನೆ ಕೂಡಿ ವಿಚಾರಿಸಬೇಕೆಂದು ಈ ಬರಹವನ್ನು ಕೈಗೆತ್ತಿಕೊಂಡಿದ್ದೇವೆ.

ಬಯಲುಸೀಮೆಯ ವಾಚಕರಿಗೆ ಆ ಬೆಂಕಿಯ ಪರಿಚಯವನ್ನು ಮೊದಲು ಹೇಳಬೇಕು. ಮಲೆನಾಡಿನ ನೆಲದಲ್ಲಿ ಕಲ್ಲಿದ್ದಲು ಇಲ್ಲ. ಕಾಡಿನ ಸೌದೆ, ಸೌದೆಯ ಕೆಂಡ, ಕೆಂಡ ಆರಿದ ಮೇಲಿನ ಇದ್ದಿಲು, ಇವೇ ಅಲ್ಲಿಯ ಇಂಧನ. ಆರಿದ್ರಾ, ಪುನರ್ವಸು, ಪುಷ್ಯ ಮಳೆಗಳು ಒಂದರ ಬೆನ್ನಿಗೊಂದು ಸುರಿಯುವಾಗ ಗೋಡೆಗಳು ಬೆವರುವವು. ಉಟ್ಟ ಬಟ್ಟೆ ವಾರ ಕಳೆದರೂ ಒಣಗದು. ಆಗ ಬಚ್ಚಲೊಲೆ ಹಗಲಿರುಳೂ ಉರಿಯಬೇಕು. ಅದರ ಮೇಲಿನ ತಾಮ್ರದ ಹಂಡೆಯಲ್ಲಿ ನೀರು ಕಾಯುತ್ತಲೇ ಇರಬೇಕು. ಗದ್ದೆಯಿಂದ ಬಂದವರ ಕಂಬಳಿ ಒಣಗುವುದು ಆ ಕಾವಿನಲ್ಲಿ. ಅಡಿಗೆಮನೆಯ ಒಲೆಯ ಹೊಗೆ ಮೇಲಿನ ಅಟ್ಟಕ್ಕೇರಿ ಅಲ್ಲಿಟ್ಟ ಬೀಜ, ಧಾನ್ಯಗಳನ್ನು ಬೂಷ್ಟಿನಿಂದ ಕಾಯುವುದು. ಬಾಣಂತಿಯ ಕೋಣೆಗೆ ಅಗ್ಗಿಷ್ಟಿಕೆಯಲ್ಲಿ ಕೆಂಡ ಹೋಗುವುದು. ಮಕ್ಕಳು ಬೂದಿಯಲ್ಲಿ ಹಲಸಿನ ಬೀಜ ಹುದುಗಿಸಿ ಅದು ಸಿಡಿಯುವುದನ್ನು ಕಾಯುವರು. ರಾತ್ರಿ ಕೆಂಡಕ್ಕೆ ಬೂದಿ ಮುಚ್ಚಿ ಮಲಗಿ ಮುಂಜಾನೆ ಕೆದಕಿದರೆ ಬೆಂಕಿ ಮತ್ತೆ ಏಳುವುದು. ಏಳದಿದ್ದರೆ ನೆರೆಮನೆಯಿಂದ ಕರಟದಲ್ಲಿ ಕೆಂಡ ತರುವುದು.

ಈ ಬೆಂಕಿಗೆ ಎರಡು ಗುಣಗಳಿದ್ದವು. ಒಂದು, ಅದು ಜನರನ್ನು ಕೂಡಿಸುತ್ತಿತ್ತು. ಮನೆಯಲ್ಲಿ ಬೆಚ್ಚಗಿರುವ ಸ್ಥಳ ಒಂದೋ ಎರಡೋ. ಆದುದರಿಂದ ಮುನಿಸಿಕೊಂಡ ಅಣ್ಣತಮ್ಮಂದಿರೂ ಅಲ್ಲಿಯೇ ಕುಳಿತುಕೊಳ್ಳಬೇಕು. ಇನ್ನೊಂದು, ಕೊಟ್ಟರೂ ಅದು ಕಡಿಮೆಯಾಗುತ್ತಿರಲಿಲ್ಲ. ನೆರೆಯವರಿಗೆ ಒಂದು ಕೆಂಡವನ್ನಿತ್ತ ಒಲೆ ಆರಿಹೋಗದು. ಹಂಚಿದರೂ ತೀರದ ಸಂಪತ್ತೊಂದುಂಟು ಎಂಬ ಪಾಠವನ್ನು ಮಲೆನಾಡಿನ ಮಗು ಶಾಲೆಗೆ ಹೋಗುವ ಮೊದಲೇ ಕಲಿಯುತ್ತಿತ್ತು. ಹಿರಿಯರ ನಿಟ್ಟುಸಿರಿನಲ್ಲಿರುವ ಸತ್ಯ ಇದು. ಇದನ್ನು ನಾವು ಅಲ್ಲಗಳೆಯುವುದಿಲ್ಲ.

ಇನ್ನು ಮರೆವಿನ ಮಾತು. ಭಿಕ್ಷೆಗೋ ಪೂಜೆಗೋ ಆ ಕಡೆಯ ಮನೆಗಳಿಗೆ ಹೋದಾಗ ನಾವು ಗಮನಿಸಿರುವ ಸಂಗತಿಯೊಂದಿದೆ. ಹಳೆಯ ಒಲೆಯನ್ನು ಕೊಂಡಾಡುವವರು ಸಾಮಾನ್ಯವಾಗಿ ಗಂಡಸರು. ಅದೇ ಮನೆಯ ವೃದ್ಧ ತಾಯಂದಿರು ಆ ಮಾತಿಗೆ ನಕ್ಕು ಸುಮ್ಮನಾಗುತ್ತಾರೆ. ಒಲೆಯ ಕಾವಿಗೆ ಬೆನ್ನು ಕೊಟ್ಟು ಕುಳಿತವರ ನೆನಪು ಒಂದು. ಒದ್ದೆ ಸೌದೆಗೆ ಊದುಗೊಳವೆ ಹಿಡಿದು ಕಣ್ಣೀರಿಡುತ್ತಾ ಊದಿದವರ ನೆನಪು ಇನ್ನೊಂದು. ಕಾಡಿನಿಂದ ಸೌದೆಯ ಹೊರೆಯನ್ನು ಹೊತ್ತು ತಂದವರ ನೆನಪು ಮೂರನೆಯದು. ಅವರಲ್ಲಿ ಅನೇಕರಿಗೆ ಆ ಒಲೆಯ ಮುಂದೆ ಸ್ಥಳವೇ ಇರಲಿಲ್ಲ. ಕೊಟ್ಟಿಗೆಯ ಸೂರಿನ ಕೆಳಗೆ ಅವರು ತಮ್ಮದೇ ಬೆಂಕಿ ಮಾಡಿಕೊಳ್ಳಬೇಕಾಗಿತ್ತು. ಕೂಡಿಸಿದ ಬೆಂಕಿಯೇ ಕೆಲವರನ್ನು ಹೊರಗೂ ಇರಿಸಿತ್ತು.

ಹೊಗೆ ಕೇವಲ ಕಣ್ಣುರಿಯಲ್ಲ. ಮನೆಯೊಳಗಿನ ಇಂಧನದ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಅಕಾಲ ಮರಣಕ್ಕೀಡಾದರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಅಗ್ಗಿಷ್ಟಿಕೆಯ ಇದ್ದಿಲು ಹೊಗೆಯಾಡದೆಯೂ ಅಪಾಯ ತರಬಲ್ಲುದು. ಮುಚ್ಚಿದ ಕೋಣೆಯಲ್ಲಿ ಅದು ಬಿಡುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ.

ಇದು ನಮ್ಮ ನಾಡಿನ ಕಥೆ ಮಾತ್ರವಲ್ಲ. ಇಂಗ್ಲೆಂಡಿನ ಮನೆಗಳಲ್ಲಿ ಕಲ್ಲಿದ್ದಲಿನ ಬೆಂಕಿಯ ಸುತ್ತ ಕುಟುಂಬಗಳು ನೆಮ್ಮದಿಯಿಂದ ಕುಳಿತಿದ್ದ ಕಾಲದಲ್ಲಿ, ಆ ಚಿಮಣಿಗಳ ಮಸಿ ತೆಗೆಯಲು ಎಳೆಯ ಹುಡುಗರನ್ನು ಒಳಗೆ ಹತ್ತಿಸುತ್ತಿದ್ದರು. ಆ ಮಸಿಯಿಂದ ಅವರಿಗೆ ಅರ್ಬುದ ರೋಗ ಬರುವುದೆಂದು ಪರ್ಸಿವಲ್ ಪಾಟ್ ಎಂಬ ಶಸ್ತ್ರವೈದ್ಯರು 1775ರಲ್ಲಿಯೇ ಬರೆದರು. ಆ ಪದ್ಧತಿಯನ್ನು ನಿಜವಾಗಿ ತಡೆದ ಕಾನೂನು ಬಂದುದು 1875ರಲ್ಲಿ. ತಿಳಿದ ಮೇಲೆಯೂ ನೂರು ವರ್ಷ ಬೇಕಾಯಿತು. ಬೆಚ್ಚಗೆ ಕುಳಿತವನಿಗೆ ಎದ್ದು ನಿಲ್ಲಲು ಮನಸ್ಸು ಬಾರದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಇಲ್ಲಿ ಒಂದು ಆಕ್ಷೇಪ ಬರಬಹುದು. 'ನಮ್ಮ ತಾಯಂದಿರು ಪ್ರೀತಿಯಿಂದ ಒಲೆ ಊದಿದರು; ಪ್ರೀತಿಯಿಂದ ಕೊಟ್ಟುದಕ್ಕೆ ಋಣದ ಲೆಕ್ಕವೆಲ್ಲಿಯದು?' ಎಂದು ತಾವು ಕೇಳಬಹುದು. ಪ್ರಶ್ನೆ ಯೋಗ್ಯವಾದುದು. ಆದರೆ ದಾನವೆನಿಸಬೇಕಾದರೆ ಕೊಡದಿರುವ ಸ್ವಾತಂತ್ರ್ಯವೂ ಕೊಡುವವರಿಗಿರಬೇಕು. ಆ ತಾಯಿಗೆ ಬೇರೆ ಒಲೆ ಇರಲಿಲ್ಲ, ಬೇರೆ ದಾರಿಯೂ ಇರಲಿಲ್ಲ. ದಾರಿಯಿಲ್ಲದ ಕಡೆಯಲ್ಲಿಯೂ ಆಕೆ ಪ್ರೀತಿಯನ್ನು ಬೆರೆಸಿದಳೆಂದರೆ ನಮ್ಮ ಋಣ ಹೆಚ್ಚುವುದೇ ಹೊರತು ತೀರುವುದಿಲ್ಲ. ಪ್ರೀತಿಯ ಹೆಸರಿನಲ್ಲಿ ಋಣವನ್ನು ಮನ್ನಾ ಮಾಡುವ ಅಧಿಕಾರ ಕೊಟ್ಟವರದು, ಪಡೆದವರದಲ್ಲ.

'ಈಗ ಅನಿಲದ ಒಲೆ ಬಂದಿದೆ, ಗುಂಡಿ ಒತ್ತಿದರೆ ಬಿಸಿನೀರು ಬರುತ್ತದೆ. ಆ ಚಿಂತೆ ಮುಗಿಯಿತಲ್ಲವೇ?' ಎಂದು ಕೆಲವರು ಕೇಳಿಯಾರು. 2016ರಲ್ಲಿ ಆರಂಭವಾದ ಉಜ್ವಲ ಯೋಜನೆಯಿಂದ ಬಡ ಮನೆಗಳಿಗೂ ಅನಿಲದ ಸಂಪರ್ಕ ದೊರೆತುದು ನಿಜವಾದ ಪುಣ್ಯಕಾರ್ಯ. ಆದರೆ ವಿದ್ಯುತ್ತಿನ ವಿಷಯದಲ್ಲಿ ಒಂದು ಕ್ಷಣ ನಿಲ್ಲಬೇಕು. ರಾಯಚೂರಿನ ಬಳಿಯ ಶಕ್ತಿನಗರದಲ್ಲಿ 1985ರಲ್ಲಿ ಮೊದಲ ಘಟಕವನ್ನು ಆರಂಭಿಸಿ ಮುಂದೆ 1720 ಮೆಗಾವಾಟ್‌ಗೆ ಬೆಳೆದ ಶಾಖೋತ್ಪನ್ನ ಕೇಂದ್ರವು ಹೊರ ರಾಜ್ಯದ ಗಣಿಗಳ ಕಲ್ಲಿದ್ದಲನ್ನು ಸುಟ್ಟು ವಿದ್ಯುತ್ತು ಮಾಡುತ್ತದೆ. ಅದು ನಾಡಿನ ತಂತಿಗಳಲ್ಲಿ ಬೆರೆತು ಕೊಪ್ಪದ ಬಚ್ಚಲಿಗೂ ಬರುತ್ತದೆ. ತನ್ನ ನೆಲದಲ್ಲಿ ಕಲ್ಲಿದ್ದಲನ್ನೇ ಕಾಣದ ಮಲೆನಾಡು ಹೀಗೆ ಈಗ ಕಲ್ಲಿದ್ದಲಿನ ಬೆಂಕಿಯನ್ನೂ ಕಾಯಿಸಿಕೊಳ್ಳುತ್ತಿದೆ. ಹೊಗೆ ಪೂರ್ತಿ ಹೋಗಲಿಲ್ಲ; ನಮ್ಮ ಕಣ್ಣಿಂದ ದೂರ ಹೋಯಿತು. ತಾಯಿಯ ಕಣ್ಣೀರಾದರೂ ಎದುರಿಗಿತ್ತು. ಗಣಿಯಲ್ಲಿ ದುಡಿಯುವವನ ಕೆಮ್ಮು ನಮಗೆ ಕೇಳಿಸುವುದೇ ಇಲ್ಲ. ಕಾಣದ ಋಣವನ್ನು ಕಾಣುವುದೇ ವಿವೇಕ.

ಹಾಗೆಂದು ತಣ್ಣೀರಿನಲ್ಲಿ ಮೀಯಿರಿ ಎಂದಾಗಲೀ, ಹಳೆಯ ಒಲೆಗೆ ಮರಳಿರಿ ಎಂದಾಗಲೀ ನಾವು ಹೇಳುವುದಿಲ್ಲ. ಪಡೆದುದನ್ನು ಹಂಚುವುದೇ ದಾಸೋಹವೆಂದು ಬಲ್ಲ ತಮಗೆ ಇಷ್ಟನ್ನು ಮಾತ್ರ ಸೂಚಿಸುತ್ತೇವೆ. ಬೇಕಾದಷ್ಟೇ ನೀರು ಕಾಯಿಸಿರಿ. ತಮ್ಮ ತೋಟದ ಕೂಲಿಯವರ ಮನೆಯಲ್ಲಿ ಇಂದಿಗೂ ಹಸಿ ಸೌದೆ ಹೊಗೆಯಾಡುತ್ತಿದ್ದರೆ, ಅಲ್ಲಿಗೆ ಅನಿಲವನ್ನೋ ಹೊಗೆಕೊಳವೆಯುಳ್ಳ ಒಲೆಯನ್ನೋ ಒದಗಿಸಿರಿ. ಅದು ಉಪಕಾರವಲ್ಲ, ಹಳೆಯ ಬಾಕಿಯ ಸಂದಾಯ. ಮನೆಯ ಹಿರಿಯ ತಾಯಿಗೆ ಕೆಮ್ಮು ಬಹುಕಾಲದಿಂದ ಇದ್ದರೆ, ವಯಸ್ಸಿನದೆಂದು ಬಿಡದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಹಳೆಯ ಒಲೆಯನ್ನು ಮಕ್ಕಳ ಮುಂದೆ ಬಣ್ಣಿಸುವಾಗ ಹಲಸಿನ ಬೀಜದ ಜೊತೆಗೆ ಊದುಗೊಳವೆಯನ್ನೂ ಹೇಳಿರಿ.

ನಾವು ನಿತ್ಯ ಹಣೆಗೆ ಧರಿಸುವ ಭಸ್ಮವೂ ಉರಿದುದರ ಶೇಷವೇ. ನಮಗೆ ಕಾವು ಕೊಟ್ಟು ಬೂದಿಯಾದ ಬಾಳುಗಳು ಎಷ್ಟೆಂಬುದನ್ನು ಅದು ದಿನಕ್ಕೊಮ್ಮೆಯಾದರೂ ನೆನಪಿಸಲಿ. ಹಾಗೆ ನೆನೆದವರ ಮನೆ ಬೆಚ್ಚಗಿರಲಿ, ಮನಸ್ಸೂ ಬೆಚ್ಚಗಿರಲಿ ಎಂದು ಹಾರೈಸುತ್ತೇವೆ.